ಸಾನ್ ಸೀರೊ ಮತ್ತು ಮಿಲಾನಿನ ಎರಡು ಕ್ಲಬ್ಬುಗಳು

ಸಾನ್ ಸೀರೊ ಉತ್ತರ ಇಟಲಿಯ ಮಿಲಾನ್ ನಗರದ ಪಶ್ಚಿಮ ಭಾಗದಲ್ಲಿರುವ ಫುಟ್‌ಬಾಲ್ ಕ್ರೀಡಾಂಗಣ. ಅಧಿಕೃತ ಹೆಸರು ಜುಸೆಪ್ಪೆ ಮೆಯಾತ್ಸಾ ಕ್ರೀಡಾಂಗಣ. ಅದು ನಿಂತಿರುವ ಬಡಾವಣೆಯ ಹೆಸರಾದ ಸಾನ್ ಸೀರೊ ಎಂಬುದೇ ಜನರ ಬಾಯಲ್ಲಿ ಉಳಿದಿದೆ. ಎ.ಸಿ. ಮಿಲಾನ್ ಮತ್ತು ಇಂಟರ್ ಎಂಬ ಇಬ್ಬರು ಬದ್ಧ ಪ್ರತಿಸ್ಪರ್ಧಿಗಳಿಗೆ 1947ರಿಂದ ಇದೇ ತವರು ಅಂಗಣ. ಎರಡೂ ಕ್ಲಬ್ಬುಗಳು ಯುರೋಪಿನ ಚಾಂಪಿಯನ್ನರಾಗಿವೆ: ಎ.ಸಿ. ಮಿಲಾನ್ ಏಳು ಬಾರಿ, ಇಂಟರ್ ಮೂರು ಬಾರಿ. ಇಷ್ಟು ದೊಡ್ಡ ಇಬ್ಬರು ಪ್ರತಿಸ್ಪರ್ಧಿಗಳು ಇಷ್ಟು ದೀರ್ಘಕಾಲ ಒಂದೇ ಕ್ರೀಡಾಂಗಣದಲ್ಲಿ ಆಡಿಕೊಂಡು ಬಂದ ಉದಾಹರಣೆ ಯುರೋಪಿನಲ್ಲಿ ಬೇರೆ ಇಲ್ಲವೆನ್ನಬಹುದು. ಸ್ನೇಹದಿಂದ ಹುಟ್ಟಿದ ಹಂಚಿಕೆ ಇದಲ್ಲ. ಕ್ರೀಡಾಂಗಣ ಕಟ್ಟುವ ಖರ್ಚು, ನಗರಾಡಳಿತದ ಒಡೆತನ ಮತ್ತು ಎರಡೂ ಕಡೆಯವರ ಲೆಕ್ಕಾಚಾರಗಳು ಕೂಡಿ ಆದ ಏರ್ಪಾಡು ಇದು.

ಕ್ಲಬ್ಬುಗಳ ಹುಟ್ಟು

ಮಿಲಾನಿಗೆ ಫುಟ್‌ಬಾಲ್ ತಂದವರಲ್ಲಿ ಅಲ್ಲಿ ನೆಲೆಸಿದ್ದ ಇಂಗ್ಲಿಷರು ಮುಖ್ಯರು. ಜವಳಿ ಉದ್ಯಮದ ಕೆಲಸಕ್ಕೆಂದು ನಾಟಿಂಗ್‌ಹ್ಯಾಮ್‌ನಿಂದ ಇಟಲಿಗೆ ಬಂದಿದ್ದ ಹರ್ಬರ್ಟ್ ಕಿಲ್ಪಿನ್ ಮತ್ತು ಅವನ ಗೆಳೆಯರು 1899ರ ಡಿಸೆಂಬರಿನಲ್ಲಿ 'ಮಿಲಾನ್ ಫುಟ್‌ಬಾಲ್ ಮತ್ತು ಕ್ರಿಕೆಟ್ ಕ್ಲಬ್' ಸ್ಥಾಪಿಸಿದರು. ಆಲ್ಫ್ರೆಡ್ ಎಡ್ವರ್ಡ್ಸ್ ಮೊದಲ ಅಧ್ಯಕ್ಷ, ಕಿಲ್ಪಿನ್ ಆರಂಭದ ನಾಯಕರಲ್ಲೊಬ್ಬ. ಕೆಂಪು ಮತ್ತು ಕಪ್ಪು ಪಟ್ಟೆಗಳ ಅಂಗಿ ಆಗಿನಿಂದಲೂ ಕ್ಲಬ್ಬಿನ ಗುರುತು. 1901, 1906 ಮತ್ತು 1907ರಲ್ಲಿ ಈ ಕ್ಲಬ್ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದಿತು.

1908ರಲ್ಲಿ ಕ್ಲಬ್ಬಿನೊಳಗೆ ಒಡಕು ಮೂಡಿತು. ವಿದೇಶಿ ಆಟಗಾರರಿಗೆ ಎಡೆ ಕೊಡುವ ವಿಷಯದಲ್ಲಿ ಭಿನ್ನಮತ ತಾಳಿದ ಸದಸ್ಯರ ಗುಂಪೊಂದು ಹೊರನಡೆದು, ಮಾರ್ಚ್ 9ರ ರಾತ್ರಿ 'ಒರೊಲೊಜಿಯೊ' ಎಂಬ ರೆಸ್ಟೊರೆಂಟಿನಲ್ಲಿ ಸೇರಿ ಹೊಸ ಕ್ಲಬ್ ಕಟ್ಟಿತು. ಎಲ್ಲ ದೇಶದವರಿಗೂ ಇಲ್ಲಿ ಬಾಗಿಲು ತೆರೆದಿದೆ ಎಂದು ಸಾರುವಂತೆ ಅದಕ್ಕೆ 'ಇಂಟರ್‌ನಾಟ್ಸಿಯೊನಾಲೆ' ಎಂದು ಹೆಸರಿಟ್ಟರು. ಸಂಸ್ಥಾಪಕರಲ್ಲೊಬ್ಬನಾದ ಕಲಾವಿದ ಜಾರ್ಜೊ ಮುಜಾನಿ ಲಾಂಛನ ರಚಿಸಿದ. ನೀಲಿ ಮತ್ತು ಕಪ್ಪು ಕ್ಲಬ್ಬಿನ ಬಣ್ಣಗಳಾದವು. ಎರಡು ವರ್ಷ ಕಳೆಯುವಷ್ಟರಲ್ಲಿ, 1910ರಲ್ಲಿ, ಇಂಟರ್ ತನ್ನ ಮೊದಲ ರಾಷ್ಟ್ರೀಯ ಪಟ್ಟ ಗಳಿಸಿತು.

ಎರಡೂ ತಂಡಗಳ ಮೊದಲ ಮುಖಾಮುಖಿ ನಡೆದದ್ದು ಮಿಲಾನಿನಲ್ಲಲ್ಲ, ಗಡಿಯಾಚೆ ಸ್ವಿಟ್ಜರ್ಲೆಂಡಿನ ಕಿಯಾಸೊ ಪಟ್ಟಣದಲ್ಲಿ. 1908ರ ಅಕ್ಟೋಬರ್ 18ರಂದು ನಡೆದ ಆ ಪಂದ್ಯವನ್ನು ಎ.ಸಿ. ಮಿಲಾನ್ 2–1ರಿಂದ ಗೆದ್ದಿತು. ಮುಂದೆ ಈ ಪೈಪೋಟಿಗೆ 'ಮದೊನ್ನೀನಾ ಡರ್ಬಿ' ಎಂಬ ಹೆಸರು ನಿಂತಿತು. ನಗರದ ಮಹಾ ಚರ್ಚಾದ ದುವೊಮೊದ ತುತ್ತತುದಿಯಲ್ಲಿ 1774ರಿಂದ ನಿಂತಿರುವ ಮೇರಿ ಮಾತೆಯ ಚಿನ್ನದ ಲೇಪದ ಪ್ರತಿಮೆಯೇ ಮದೊನ್ನೀನಾ.

ಕ್ರೀಡಾಂಗಣದ ಬೆಳವಣಿಗೆ

ಸಾನ್ ಸೀರೊ ಮೊದಲಿಗೆ ಒಬ್ಬರ ಸ್ವತ್ತಾಗಿತ್ತು. ಟೈರ್ ಉದ್ಯಮದ ಪಿರೆಲ್ಲಿ ಮನೆತನದ ಪಿಯೆರೊ ಪಿರೆಲ್ಲಿ 1909ರಿಂದ ಎ.ಸಿ. ಮಿಲಾನ್ ಅಧ್ಯಕ್ಷನಾಗಿದ್ದ. ಕುದುರೆ ರೇಸ್ ಕೋರ್ಸಿನ ಪಕ್ಕದ ಜಾಗದಲ್ಲಿ ಅವನು 1925ರ ಕೊನೆಯಲ್ಲಿ ಕಾಮಗಾರಿ ಶುರುಮಾಡಿಸಿದ. ಮಿಲಾನಿನ ಸೆಂಟ್ರಲ್ ರೈಲು ನಿಲ್ದಾಣದ ವಿನ್ಯಾಸಕನೂ ಆದ ಉಲಿಸ್ಸೆ ಸ್ತಾಕಿನಿ ವಾಸ್ತುಶಿಲ್ಪಿ, ಆಲ್ಬೆರ್ತೊ ಕುಜಿನಿ ಎಂಜಿನಿಯರ್. ಓಟದ ಟ್ರ್ಯಾಕ್ ಇಲ್ಲದೆ, ಇಂಗ್ಲೆಂಡಿನ ಮಾದರಿಯಲ್ಲಿ ಮೈದಾನಕ್ಕೆ ಒತ್ತಿಕೊಂಡಂತೆ ನಾಲ್ಕು ನೇರ ಗ್ಯಾಲರಿಗಳನ್ನು ಕಟ್ಟಲಾಯಿತು. ಸುಮಾರು 35,000 ಜನರಿಗೆ ಸ್ಥಳವಿತ್ತು. 1926ರ ಸೆಪ್ಟೆಂಬರ್ 19ರ ಉದ್ಘಾಟನಾ ಪಂದ್ಯಕ್ಕೆ ಎದುರಾಳಿಯಾಗಿ ಬಂದ ಇಂಟರ್, ಮಾಲೀಕರ ತಂಡವನ್ನೇ 6–3ರಿಂದ ಸೋಲಿಸಿತು.

1935ರಲ್ಲಿ ನಗರಾಡಳಿತ ಕ್ರೀಡಾಂಗಣವನ್ನು ಕೊಂಡುಕೊಂಡಿತು. ಮುಂದಿನ ಎಲ್ಲ ಬೆಳವಣಿಗೆಗೂ ಈ ಖರೀದಿಯೇ ತಿರುವು. ಪಾಲಿಕೆಯ ಸ್ವತ್ತಾದ ಮೇಲೆ ಅದನ್ನು ಒಂದೇ ಕ್ಲಬ್ಬಿಗೆ ಮೀಸಲಿಡಬೇಕೆಂಬ ಕಟ್ಟು ಉಳಿಯಲಿಲ್ಲ. 1939ರ ಹೊತ್ತಿಗೆ ಮೂಲೆಗಳ ಖಾಲಿ ಜಾಗಕ್ಕೂ ಗ್ಯಾಲರಿ ಕೂಡಿಸಿ ಸಾಮರ್ಥ್ಯವನ್ನು 55,000ಕ್ಕೆ ಏರಿಸಲಾಯಿತು. ನವೀಕೃತ ಅಂಗಣದಲ್ಲಿ ಆ ವರ್ಷದ ಮೇ 13ರಂದು ನಡೆದ ಇಟಲಿ–ಇಂಗ್ಲೆಂಡ್ ಪಂದ್ಯ 2–2ರಿಂದ ಸಮವಾಯಿತು.

ಎರಡನೆಯ ದೊಡ್ಡ ವಿಸ್ತರಣೆ ಮುಗಿದದ್ದು 1955ರಲ್ಲಿ. ಹಳೆಯ ಗ್ಯಾಲರಿಗಳ ಮೇಲೆ ಎರಡನೆಯ ಹಂತ ಎದ್ದಿತು. ಅಲ್ಲಿಗೆ ಹತ್ತಿಹೋಗಲು ಹೊರಮೈಗೆ ಸುತ್ತಿಕೊಂಡಂತೆ ಓರೆಯಾದ ನಡೆದಾರಿಗಳನ್ನು ಕಟ್ಟಿದರು. ದೂರದಿಂದಲೇ ಸಾನ್ ಸೀರೊ ಎಂದು ಗುರುತು ಹಿಡಿಯಬಹುದಾದ ಅಡ್ಡಗೆರೆಗಳ ರೂಪ ಬಂದದ್ದು ಈ ನಡೆದಾರಿಗಳಿಂದ.

1990ರ ವಿಶ್ವಕಪ್ ಇಟಲಿಯಲ್ಲಿ ನಡೆಯಲಿದ್ದಾಗ ಮೂರನೆಯ ಹಂತ ಸೇರಿತು. ಹಳೆಯ ಕಟ್ಟಡದ ಮೇಲೆ ಹೊಸ ಭಾರ ಬೀಳದಂತೆ ಸುತ್ತಲೂ 11 ಕಾಂಕ್ರೀಟ್ ಗೋಪುರಗಳನ್ನು ನಿಲ್ಲಿಸಿ, ಅವುಗಳ ಮೇಲೆ ಹೊಸ ಗ್ಯಾಲರಿಯನ್ನು ಕೂರಿಸಲಾಯಿತು. ಮೂಲೆಗಳ ನಾಲ್ಕು ಗೋಪುರಗಳು ಚಾವಣಿಯ ಬೃಹತ್ ಕೆಂಪು ತೊಲೆಗಳನ್ನೂ ಹೊತ್ತಿವೆ. ರೇಸ್ ಕೋರ್ಸ್ ಹತ್ತಿರವಿರುವ ಪೂರ್ವ ಬದಿಗೆ ಮೂರನೆಯ ಹಂತ ಇಲ್ಲ. ಜಾನ್‌ಕಾರ್ಲೊ ರಗಾತ್ಸಿ, ಎನ್ರಿಕೊ ಹೋಫರ್ ಮತ್ತು ಲಿಯೊ ಫಿನ್ಸಿ ಈ ವಿನ್ಯಾಸದ ಕರ್ತೃಗಳು. 1990ರ ಜೂನ್ 8ರಂದು ವಿಶ್ವಕಪ್ಪಿನ ಮೊದಲ ಪಂದ್ಯ ಇಲ್ಲೇ ನಡೆದು, ಹಾಲಿ ಚಾಂಪಿಯನ್ ಅರ್ಜೆಂಟೀನಾ 0–1ರಿಂದ ಕ್ಯಾಮರೂನಿಗೆ ಸೋತಿತು. ಆಮೇಲಿನ ಸುರಕ್ಷತಾ ನಿಯಮಗಳಿಂದಾಗಿ ಆಸನಗಳ ಸಂಖ್ಯೆ ಇಳಿದು ಈಗ ಸುಮಾರು 75,800 ಇದೆ.

ಎತ್ತರ ಹೆಚ್ಚಿಸಿಕೊಂಡದ್ದಕ್ಕೆ ಹುಲ್ಲುಹಾಸು ಬೆಲೆ ತೆರಬೇಕಾಯಿತು. ಚಾವಣಿ ಮತ್ತು ಮೂರನೆಯ ಹಂತ ಬಿಸಿಲು, ಗಾಳಿ ಎರಡಕ್ಕೂ ಅಡ್ಡವಾದವು. ಎರಡು ತಂಡಗಳ ಆಟದಿಂದ ಮೊದಲೇ ಸವೆಯುತ್ತಿದ್ದ ಹುಲ್ಲು ಮತ್ತೆ ಚಿಗುರದಾಯಿತು. ಹಲವು ಬಾರಿ ಹುಲ್ಲುಹಾಸನ್ನೇ ಕಿತ್ತು ಬದಲಿಸಿದ ಮೇಲೆ, 2012ರಲ್ಲಿ ಸಹಜ ಹುಲ್ಲಿನ ನಡುವೆ ಕೃತಕ ಎಳೆಗಳನ್ನು ಹೆಣೆದ ಮಿಶ್ರ ಹಾಸನ್ನು ಅಳವಡಿಸಲಾಯಿತು.

ಇಂಟರ್‌ನ ಆಗಮನ

ಇಂಟರ್ ಬಹುಕಾಲ ಆಡುತ್ತಿದ್ದುದು ನಗರ ಮಧ್ಯದ ಅರೇನಾದಲ್ಲಿ. ನೆಪೋಲಿಯನ್ ಆಳ್ವಿಕೆಯಲ್ಲಿ, 1807ರಲ್ಲಿ ಆರಂಭವಾದ ಅಂಗಣ ಅದು. ಫ್ಯಾಸಿಸ್ಟ್ ಸರ್ಕಾರಕ್ಕೆ 'ಅಂತರರಾಷ್ಟ್ರೀಯ' ಎಂಬರ್ಥದ ಹೆಸರು ಹಿಡಿಸಲಿಲ್ಲ. 1928ರಲ್ಲಿ ಕ್ಲಬ್ಬನ್ನು ಇನ್ನೊಂದು ಸ್ಥಳೀಯ ಸಂಸ್ಥೆಯೊಡನೆ ವಿಲೀನಗೊಳಿಸಿ, ನಗರದ ಪಾಲಕ ಸಂತ ಆಂಬ್ರೋಸನ ನೆನಪಿನಲ್ಲಿ 'ಅಂಬ್ರೊಸಿಯಾನ' ಎಂದು ಕರೆಯಲಾಯಿತು. ಯುದ್ಧ ಮುಗಿದ ಮೇಲೆ ಹಳೆಯ ಹೆಸರು ಮರಳಿತು. 1947ರಲ್ಲಿ ಕ್ಲಬ್ ಅರೇನಾ ಬಿಟ್ಟು ಸಾನ್ ಸೀರೊಗೆ ಬಂದಿತು. ಇಬ್ಬರೂ ಪಾಲಿಕೆಯ ಬಾಡಿಗೆದಾರರಾದರು.

1980ರ ಮಾರ್ಚ್ 3ರಂದು ಕ್ರೀಡಾಂಗಣಕ್ಕೆ ಜುಸೆಪ್ಪೆ ಮೆಯಾತ್ಸಾ ಹೆಸರಿಟ್ಟರು. 1934 ಮತ್ತು 1938ರ ವಿಶ್ವಕಪ್ಪುಗಳನ್ನು ಗೆದ್ದ ಇಟಲಿ ತಂಡದ ಈ ಆಟಗಾರ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ. 1927ರಿಂದ 1940ರವರೆಗೆ ಇಂಟರ್‌ನ ತಾರೆಯಾಗಿದ್ದ ಅವನು ಅನಂತರ ಎರಡು ವರ್ಷ ಎ.ಸಿ. ಮಿಲಾನ್ ಪರ ಆಡಿ, ಕೊನೆಗೆ ಇಂಟರ್‌ಗೆ ಮರಳಿದ್ದ. ಎರಡೂ ಅಂಗಿ ತೊಟ್ಟವನಾದರೂ ಅವನ ಹೆಸರು ಇಂಟರ್‌ನೊಡನೆ ಹೆಚ್ಚು ಬೆಸೆದುಕೊಂಡಿದೆ. ಹಾಗಾಗಿ ಎ.ಸಿ. ಮಿಲಾನ್ ಅಭಿಮಾನಿಗಳಲ್ಲಿ ಅನೇಕರು ಇಂದಿಗೂ ಸಾನ್ ಸೀರೊ ಎಂದೇ ಹೇಳುತ್ತಾರೆ.

ಹಂಚಿಕೆಯ ವ್ಯವಸ್ಥೆ

ಇಟಲಿಯ ಸೆರಿಯೆ ಆ ಲೀಗಿನಲ್ಲಿ 20 ತಂಡಗಳಿವೆ. ಪ್ರತಿ ತಂಡಕ್ಕೂ ತವರಿನಲ್ಲಿ 19 ಪಂದ್ಯಗಳು. ಅಂದರೆ ಒಂದು ಋತುವಿನಲ್ಲಿ ಸಾನ್ ಸೀರೊದ ಹುಲ್ಲಿನ ಮೇಲೆ ಲೀಗಿನ 38 ಪಂದ್ಯಗಳು ನಡೆಯುತ್ತವೆ. ಯುರೋಪಿಯನ್ ಟೂರ್ನಿಗಳೂ ಇಟಾಲಿಯನ್ ಕಪ್ಪೂ ಇದರ ಮೇಲೆ. ಒಂದು ತಂಡ ತವರಿನಲ್ಲಿ ಆಡುವ ಸುತ್ತಿನಲ್ಲಿ ಇನ್ನೊಂದು ಹೊರ ಊರಿಗೆ ಹೋಗುವಂತೆ ವೇಳಾಪಟ್ಟಿ ಸಿದ್ಧವಾಗುತ್ತದೆ.

ನಿತ್ಯದ ನಿರ್ವಹಣೆ 'ಎಂ-ಐ ಸ್ತಾದಿಯೊ' ಎಂಬ ಕಂಪನಿಯ ಕೈಯಲ್ಲಿದೆ. ಎರಡೂ ಕ್ಲಬ್ಬುಗಳು ಕೂಡಿ ಕಟ್ಟಿದ ಈ ಕಂಪನಿ ಪಾಲಿಕೆಯಿಂದ ಕ್ರೀಡಾಂಗಣವನ್ನು ಗುತ್ತಿಗೆಗೆ ಪಡೆದು, ಹುಲ್ಲು, ವಿದ್ಯುತ್ತು, ಭದ್ರತೆಗಳ ಉಸ್ತುವಾರಿ ನೋಡಿಕೊಂಡು ಬಂದಿದೆ. ಮೈದಾನದಲ್ಲಿ ಎದುರಾಳಿಗಳಾದವರು ಇಲ್ಲಿ ಪಾಲುದಾರರು. ಡ್ರೆಸ್ಸಿಂಗ್ ರೂಮುಗಳು ಮಾತ್ರ ಬೇರೆ ಬೇರೆ: ಎ.ಸಿ. ಮಿಲಾನ್ ಕೋಣೆಯಲ್ಲಿ ಆಟಗಾರನಿಗೊಂದರಂತೆ ಪ್ರತ್ಯೇಕ ಕುರ್ಚಿಗಳಿದ್ದರೆ, ಇಂಟರ್‌ನದರಲ್ಲಿ ಎಲ್ಲರೂ ಸಾಲಾಗಿ ಕೂರುವ ಬೆಂಚು. ಯಾರ ಪಂದ್ಯವೋ ಅವರ ಬಣ್ಣ, ಅವರ ಫಲಕ, ಅವರ ಹಾಡು.

ಪರಸ್ಪರ ಆಡುವಾಗಲೂ ದಾಖಲೆಯ ಪ್ರಕಾರ ಒಂದು ತಂಡ 'ತವರು', ಇನ್ನೊಂದು 'ಪ್ರವಾಸಿ'. ಋತುವಿನ ಎರಡು ಲೀಗ್ ಡರ್ಬಿಗಳಲ್ಲಿ ಈ ಪಾತ್ರ ಅದಲುಬದಲಾಗುತ್ತದೆ. ಪ್ರವಾಸಿ ತಂಡಕ್ಕೆ ಪ್ರಯಾಣವಿಲ್ಲ, ಅಪರಿಚಿತ ಮೈದಾನವೂ ಅಲ್ಲ. ವ್ಯತ್ಯಾಸವಿರುವುದು ಟಿಕೆಟ್ಟಿನಲ್ಲಿ. ಗೇಟಿನ ಹಣ ತವರು ತಂಡಕ್ಕೆ, ಹೆಚ್ಚಿನ ಆಸನಗಳು ಅದರ ಸೀಸನ್ ಟಿಕೆಟ್‌ದಾರರಿಗೆ. ಗೋಲುಕಂಬಗಳ ಹಿಂದಿನ ಬಾಗುಗ್ಯಾಲರಿಗಳಿಗೆ ಮಾತ್ರ ಈ ಬದಲಾವಣೆ ಅನ್ವಯಿಸುವುದಿಲ್ಲ. ದಕ್ಷಿಣದ 'ಕೂರ್ವಾ ಸೂದ್' ಎ.ಸಿ. ಮಿಲಾನ್ ಅಭಿಮಾನಿಗಳದು, ಉತ್ತರದ 'ಕೂರ್ವಾ ನೋರ್ದ್' ಇಂಟರ್ ಅಭಿಮಾನಿಗಳದು.

ಅಭಿಮಾನಿ ಬಳಗಗಳು

ಹಿಂದೆ ಎರಡು ಬಳಗಗಳ ನಡುವೆ ವರ್ಗಭೇದ ಎದ್ದು ಕಾಣುತ್ತಿತ್ತು. ಎ.ಸಿ. ಮಿಲಾನ್ ಕಾರ್ಖಾನೆ ಮತ್ತು ರೈಲ್ವೆ ಕೆಲಸಗಾರರ ತಂಡ, ಇಂಟರ್ ಅನುಕೂಲಸ್ಥರ ತಂಡ ಎಂಬ ಮಾತಿತ್ತು. ಸ್ಥಳೀಯ ಉಪಭಾಷೆಯಲ್ಲಿ ಒಂದು ಕಡೆಯವರಿಗೆ 'ಸ್ಕ್ರೂಡ್ರೈವರಿನವರು' ಎಂದೂ ಇನ್ನೊಂದು ಕಡೆಯವರಿಗೆ 'ಬಡಾಯಿಕೋರರು' ಎಂದೂ ಅಡ್ಡಹೆಸರು. ತೈಲ ಉದ್ಯಮಿ ಆಂಜೆಲೊ ಮೊರಾತ್ತಿ 1955ರಲ್ಲಿ ಇಂಟರ್ ವಹಿಸಿಕೊಂಡ. ಮಾಧ್ಯಮ ಉದ್ಯಮಿ, ಮುಂದೆ ಪ್ರಧಾನಿಯಾದ ಸಿಲ್ವಿಯೊ ಬೆರ್ಲುಸ್ಕೋನಿ 1986ರಲ್ಲಿ ಎ.ಸಿ. ಮಿಲಾನ್ ಕೊಂಡ. ಎರಡೂ ಕಡೆ ದೊಡ್ಡ ಬಂಡವಾಳ ಬಂದ ಮೇಲೆ ಹಳೆಯ ಗೆರೆ ಅಳಿಸಿಹೋಗಿ, ಒಂದೇ ಮನೆಯಲ್ಲಿ ಎರಡೂ ಪಕ್ಷದವರಿರುವುದು ಸಾಮಾನ್ಯವಾಗಿದೆ.

ಸಂಘಟಿತ ಉಗ್ರಾಭಿಮಾನಿ ಗುಂಪುಗಳು 1960ರ ದಶಕದ ಕೊನೆಯಲ್ಲಿ ಹುಟ್ಟಿದವು. ಎ.ಸಿ. ಮಿಲಾನ್ ಪರವಾದ 'ಫೋಸಾ ದೇಯಿ ಲಿಯೋನಿ' 1968ರದು, ಇಂಟರ್ ಪರವಾದ 'ಬಾಯ್ಸ್' 1969ರದು. 1970ರ ದಶಕದ ಹೊಡೆದಾಟಗಳ ನಂತರ, 1980ರ ದಶಕದಲ್ಲಿ ಎರಡೂ ಬಾಗುಗ್ಯಾಲರಿಗಳ ಮುಖಂಡರು ಪರಸ್ಪರ ಕೈಮಾಡಬಾರದೆಂಬ ಒಪ್ಪಂದಕ್ಕೆ ಬಂದರು. ಪೈಪೋಟಿ ಬೃಹತ್ ಬಟ್ಟೆಚಿತ್ರಗಳಿಗೆ, ಬಣ್ಣದ ಹೊಗೆಗೆ, ಅಣಕದ ಘೋಷಣೆಗಳಿಗೆ ಹೊರಳಿತು. ಹದಿನೈದು ದಿನಕ್ಕೊಮ್ಮೆ ಒಂದೇ ಗೇಟುಗಳಲ್ಲಿ ಸರದಿಯ ಮೇಲೆ ಹೋಗಿಬರುವವರಿಗೆ ಈ ಒಪ್ಪಂದ ಅನುಕೂಲವೂ ಆಗಿತ್ತು. ಇದರ ಇನ್ನೊಂದು ಮುಖ 2024ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಎರಡೂ ಕಡೆಯ 19 ಮಂದಿಯನ್ನು ಬಂಧಿಸಿದ ತನಿಖಾಧಿಕಾರಿಗಳು, ಟಿಕೆಟ್ಟು, ಪಾರ್ಕಿಂಗ್ ಮತ್ತು ತಿಂಡಿ ಮಾರಾಟದ ಸುತ್ತ ಸುಲಿಗೆಯ ಜಾಲ ಬೆಳೆದಿತ್ತೆಂದು ಆರೋಪ ಹೊರಿಸಿದರು.

ಪಂದ್ಯಗಳು, ಆಟಗಾರರು

ಗೋಲುಗಳ ಸುರಿಮಳೆಗೆ ಹೆಸರಾದದ್ದು 1949ರ ನವೆಂಬರಿನ ಡರ್ಬಿ. 1–4ರಿಂದ ಹಿಂದೆ ಬಿದ್ದಿದ್ದ ಇಂಟರ್ 6–5ರಿಂದ ಗೆದ್ದಿತು. 1960ರಲ್ಲಿ ಎ.ಸಿ. ಮಿಲಾನ್‌ನ ಜೋಸೆ ಆಲ್ತಫೀನಿ ಒಂದೇ ಡರ್ಬಿಯಲ್ಲಿ ನಾಲ್ಕು ಗೋಲು ಹೊಡೆದ. 1963ರಲ್ಲಿ ಇಂಟರ್‌ನ ಸಾಂದ್ರೊ ಮತ್ಸೋಲ ಪಂದ್ಯ ಶುರುವಾದ 13 ಸೆಕೆಂಡಿಗೆ ಗೋಲು ಗಳಿಸಿದ. 2001ರ ಮೇ 11ರಂದು ಎ.ಸಿ. ಮಿಲಾನ್ ಪಡೆದ 6–0 ಗೆಲುವು ಡರ್ಬಿಯ ಅತಿ ದೊಡ್ಡ ಅಂತರದ ಜಯಗಳಲ್ಲೊಂದು. ಅಂದು ದಾಖಲೆಯಲ್ಲಿ ತವರು ತಂಡ ಇಂಟರ್ ಆಗಿತ್ತು. ಪಾವೊಲೊ ಮಾಲ್ದೀನಿ 56 ಡರ್ಬಿಗಳನ್ನು ಆಡಿದರೆ, ಉಕ್ರೇನಿನ ಆಂದ್ರಿ ಶೆವ್‌ಚೆಂಕೊ ಡರ್ಬಿಗಳಲ್ಲಿ 14 ಗೋಲು ಗಳಿಸಿದ. ಇಬ್ಬರೂ ಎ.ಸಿ. ಮಿಲಾನಿನವರು.

1960ರ ದಶಕದಲ್ಲಿ ಎರಡೂ ಕ್ಲಬ್ಬುಗಳು ಯುರೋಪನ್ನೇ ಆಳಿದವು. 1963ರಲ್ಲಿ ಎ.ಸಿ. ಮಿಲಾನ್, 1964 ಮತ್ತು 1965ರಲ್ಲಿ ಇಂಟರ್, 1969ರಲ್ಲಿ ಮತ್ತೆ ಎ.ಸಿ. ಮಿಲಾನ್ ಯುರೋಪಿಯನ್ ಕಪ್ ಗೆದ್ದವು. 1965ರ ಫೈನಲ್ ಸಾನ್ ಸೀರೊದಲ್ಲೇ ನಡೆದು, ಇಂಟರ್ ಬೆನ್‌ಫಿಕಾವನ್ನು 1–0ರಿಂದ ಸೋಲಿಸಿತು. ಎ.ಸಿ. ಮಿಲಾನಿನ ಜಾನಿ ರಿವೇರ ಮತ್ತು ಇಂಟರ್‌ನ ಮತ್ಸೋಲ ಇವರಲ್ಲಿ ಯಾರು ಮೇಲು ಎಂಬ ವಾದ ರಾಷ್ಟ್ರೀಯ ತಂಡಕ್ಕೂ ಹಬ್ಬಿತು. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ತರಬೇತುದಾರ ಫೆರುಚೊ ವಾಲ್ಕರೆಜ್ಜಿ ಮೊದಲರ್ಧಕ್ಕೆ ಒಬ್ಬನನ್ನು, ಎರಡನೆಯರ್ಧಕ್ಕೆ ಇನ್ನೊಬ್ಬನನ್ನು ಇಳಿಸಿದ.

1980ರ ದಶಕದ ಕೊನೆಯಲ್ಲಿ ಪೈಪೋಟಿಗೆ ಅಂತರರಾಷ್ಟ್ರೀಯ ಬಣ್ಣ ಬಂತು. ಎ.ಸಿ. ಮಿಲಾನಿನಲ್ಲಿ ಗುಲಿತ್, ವಾನ್ ಬಾಸ್ಟನ್, ರೈಕಾರ್ಡ್ ಎಂಬ ಮೂವರು ಡಚ್ಚರು. ಇಂಟರ್‌ನಲ್ಲಿ ಮಥೇಯಸ್, ಬ್ರೇಮೆ, ಕ್ಲಿನ್ಸ್‌ಮನ್ ಎಂಬ ಮೂವರು ಜರ್ಮನರು. 1990ರ ಜೂನ್ 24ರಂದು ವಿಶ್ವಕಪ್ಪಿನಲ್ಲಿ ಈ ಎರಡು ದೇಶಗಳು ಸಾನ್ ಸೀರೊದಲ್ಲೇ ಎದುರಾದವು. ಕ್ಲಿನ್ಸ್‌ಮನ್ ಮತ್ತು ಬ್ರೇಮೆ ಗೋಲು ಗಳಿಸಿ ಪಶ್ಚಿಮ ಜರ್ಮನಿ 2–1ರಿಂದ ಗೆದ್ದಿತು. ಕಪ್ ಎತ್ತಿಹಿಡಿದ ಆ ತಂಡ ತನ್ನ ಏಳು ಪಂದ್ಯಗಳಲ್ಲಿ ಐದನ್ನು ಇದೇ ಅಂಗಣದಲ್ಲಿ ಆಡಿತ್ತು.

ಎರಡು ಪಾಳೆಯಗಳ ನಡುವೆ ಹೋಗಿಬಂದವರೂ ಬಹಳ. ಆಂದ್ರೆಯಾ ಪಿರ್ಲೊ, ಕ್ಲಾರೆನ್ಸ್ ಸೀಡೋರ್ಫ್ ಇಂಟರ್ ಬಿಟ್ಟು ಎ.ಸಿ. ಮಿಲಾನ್ ಸೇರಿ ಹೆಸರು ಮಾಡಿದರು. ಬ್ರೆಜಿಲ್‌ನ ರೊನಾಲ್ಡೊ, ಸ್ವೀಡನ್ನಿನ ಜ್ಲಾಟಾನ್ ಇಬ್ರಾಹಿಮೋವಿಚ್ ಎರಡೂ ಅಂಗಿಗಳಲ್ಲಿ ಡರ್ಬಿ ಗೋಲು ಗಳಿಸಿದರು. 2021ರಲ್ಲಿ ಹಾಕಾನ್ ಚಾಲ್ಹಾನೋಲು ಎ.ಸಿ. ಮಿಲಾನ್‌ನಿಂದ ನೇರ ಇಂಟರ್‌ಗೆ ಹೋದ. ಬರೇಸಿ ಸಹೋದರರ ದಾರಿ ಆರಂಭದಲ್ಲೇ ಕವಲೊಡೆಯಿತು. ಅಣ್ಣ ಜುಸೆಪ್ಪೆಯನ್ನು ಇಂಟರ್ ಆರಿಸಿಕೊಂಡಿತು, ತಮ್ಮ ಫ್ರಾಂಕೊನನ್ನು ಬೇಡವೆಂದಿತು. ಫ್ರಾಂಕೊ ಎ.ಸಿ. ಮಿಲಾನಿಗೆ ಹೋದ. ಮುಂದೆ ಇಬ್ಬರೂ ತಮ್ಮ ತಮ್ಮ ತಂಡಗಳ ನಾಯಕರಾದರು.

ಯುರೋಪಿನ ಡರ್ಬಿಗಳು

ಚಾಂಪಿಯನ್ಸ್ ಲೀಗಿನಲ್ಲಿ ಇವೆರಡು ಎದುರಾದಾಗ ಹಂಚಿಕೆಯ ವೈಚಿತ್ರ್ಯ ಎದ್ದು ಕಂಡಿತು. 2003ರ ಸೆಮಿಫೈನಲ್ಲಿನ ಮೊದಲ ಪಂದ್ಯ 0–0, ಎರಡನೆಯದು 1–1. ಹೊರ ಅಂಗಣದ ಗೋಲಿಗೆ ಹೆಚ್ಚಿನ ಬೆಲೆ ಎಂಬ ನಿಯಮ ಆಗ ಜಾರಿಯಲ್ಲಿತ್ತು. ಎರಡೂ ಪಂದ್ಯ ಸಾನ್ ಸೀರೊದಲ್ಲೇ ನಡೆದಿದ್ದರೂ ಎರಡನೆಯದರಲ್ಲಿ ಎ.ಸಿ. ಮಿಲಾನ್ 'ಪ್ರವಾಸಿ'ಯಾಗಿದ್ದರಿಂದ ಶೆವ್‌ಚೆಂಕೊನ ಗೋಲು ಹೊರ ಅಂಗಣದ ಗೋಲಾಯಿತು. ಇಂಟರ್ ತನ್ನದೇ ಅಂಗಣದಲ್ಲಿ ಒಂದೂ ಪಂದ್ಯ ಸೋಲದೆ ಹೊರಬಿತ್ತು. ಎ.ಸಿ. ಮಿಲಾನ್ ಆ ವರ್ಷ ಕಪ್ ಗೆದ್ದಿತು. ಯುರೋಪಿಯನ್ ಫುಟ್‌ಬಾಲ್ ಒಕ್ಕೂಟ ಆ ನಿಯಮವನ್ನು 2021ರಲ್ಲಿ ಕೈಬಿಟ್ಟಿತು.

2005ರ ಕ್ವಾರ್ಟರ್ ಫೈನಲ್ಲಿನ ಎರಡನೆಯ ಪಂದ್ಯ ಪೂರ್ತಿಯಾಗಲಿಲ್ಲ. ಏಪ್ರಿಲ್ 12ರ ಆ ರಾತ್ರಿ ಇಂಟರ್ ಅಭಿಮಾನಿಗಳು ಎಸೆದ ಉರಿಯುವ ಕೊಳ್ಳಿಯೊಂದು ಎ.ಸಿ. ಮಿಲಾನಿನ ಗೋಲ್‌ಕೀಪರ್ ದಿದಾನಿಗೆ ಬಡಿಯಿತು. ಆಟ ನಿಲ್ಲಿಸಿ ಎ.ಸಿ. ಮಿಲಾನಿಗೆ 3–0 ಗೆಲುವು ಕೊಡಲಾಯಿತು. ಹೊಗೆ ತುಂಬಿದ ಮೈದಾನದಲ್ಲಿ ಎದುರಾಳಿ ತಂಡದ ರುಯಿ ಕೋಸ್ತನ ಹೆಗಲಿಗೆ ಮೊಣಕೈ ಊರಿ ನಿಂತ ಇಂಟರ್‌ನ ಮಾರ್ಕೊ ಮತೆರಾತ್ಸಿಯ ಚಿತ್ರ ಫುಟ್‌ಬಾಲ್ ಛಾಯಾಚಿತ್ರಗಳಲ್ಲಿ ಪ್ರಸಿದ್ಧವಾದದ್ದು. 2023ರ ಸೆಮಿಫೈನಲ್ಲಿನಲ್ಲಿ ಇಂಟರ್ 2–0 ಮತ್ತು 1–0ರಿಂದ ಗೆದ್ದು ಹಳೆಯ ಲೆಕ್ಕ ತೀರಿಸಿತು. ಮರುವರ್ಷ ಏಪ್ರಿಲ್ 22ರಂದು, ದಾಖಲೆಯಲ್ಲಿ ಎ.ಸಿ. ಮಿಲಾನಿನ ತವರಾಗಿದ್ದ ಡರ್ಬಿಯನ್ನು 2–1ರಿಂದ ಗೆದ್ದು ತನ್ನ 20ನೆಯ ಇಟಾಲಿಯನ್ ಪಟ್ಟವನ್ನು ಖಚಿತಪಡಿಸಿಕೊಂಡಿತು.

ಇತರ ನಗರಗಳು

ಒಂದೇ ಅಂಗಣದಲ್ಲಿ ಇಬ್ಬರು ಪ್ರತಿಸ್ಪರ್ಧಿಗಳಿರುವುದು ಇಟಲಿಯಲ್ಲಿ ಅಪರೂಪವಲ್ಲ. ಅಲ್ಲಿ ಕ್ರೀಡಾಂಗಣಗಳಲ್ಲಿ ಹೆಚ್ಚಿನವು ಸಾರ್ವಜನಿಕ ಸ್ವತ್ತು. ರೋಮಿನ ಒಲಿಂಪಿಕೊದಲ್ಲಿ ರೋಮಾ ಮತ್ತು ಲಾತ್ಸಿಯೊ, ಜಿನೋವಾದಲ್ಲಿ 1911ರಿಂದಿರುವ ಲುಯಿಜಿ ಫೆರಾರಿಸ್‌ನಲ್ಲಿ ಜೆನೋವಾ ಮತ್ತು ಸಂಪ್ದೋರಿಯಾ ಹೀಗೇ ಆಡುತ್ತವೆ. ಟ್ಯೂರಿನ್ನಿನಲ್ಲಿ ಯುವೆಂತುಸ್ 2011ರಲ್ಲಿ ಸ್ವಂತ ಕ್ರೀಡಾಂಗಣ ಕಟ್ಟಿಕೊಂಡು ಟೊರಿನೊದಿಂದ ಬೇರೆಯಾಯಿತು. ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಯರ್ನ್ ಮತ್ತು 1860 ಕ್ಲಬ್ಬುಗಳು ಸಮಪಾಲಿನಲ್ಲಿ ಕಟ್ಟಿಸಿದ ಅಲಿಯಾನ್ಸ್ ಅರೇನಾ 2005ರಲ್ಲಿ ತೆರೆಯಿತು. ಹಣದ ಮುಗ್ಗಟ್ಟಿಗೆ ಸಿಲುಕಿದ 1860 ಮರುವರ್ಷವೇ ತನ್ನ ಪಾಲನ್ನು ಬಾಯರ್ನ್‌ಗೆ ಮಾರಿ ಬಾಡಿಗೆದಾರನಾಯಿತು. 2017ರಲ್ಲಿ ಅಲ್ಲಿಂದ ಹೊರಬಿತ್ತು.

ರಿಯೊ ಡಿ ಜನೈರೊದ ಮರಕಾನಾದಲ್ಲಿ ಆಡುವ ಫ್ಲಮೆಂಗೊ ಮತ್ತು ಫ್ಲುಮಿನೆನ್ಸೆಗಳ ಕಥೆ ಮಿಲಾನಿನದಕ್ಕೆ ಹತ್ತಿರದ್ದು. 1911ರಲ್ಲಿ ಫ್ಲುಮಿನೆನ್ಸೆಯೊಡನೆ ಮುನಿಸಿಕೊಂಡು ಹೊರಬಂದ ಆಟಗಾರರಿಂದಲೇ ಫ್ಲಮೆಂಗೊದ ಫುಟ್‌ಬಾಲ್ ವಿಭಾಗ ಶುರುವಾಯಿತು. ಭಾರತದಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ (1889) ಮತ್ತು ಈಸ್ಟ್ ಬೆಂಗಾಲ್ (1920) ಕ್ಲಬ್ಬುಗಳಿಗೆ ನಗರದ ಮೈದಾನ ಪ್ರದೇಶದಲ್ಲಿ ಸ್ವಂತ ಚಿಕ್ಕ ಅಂಗಣಗಳಿದ್ದರೂ, ದೊಡ್ಡ ಪಂದ್ಯಗಳು 1984ರಲ್ಲಿ ತೆರೆದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆಯುತ್ತವೆ. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್ಲಿನಲ್ಲಿ ಇವೆರಡರ ಆಟ ನೋಡಲು 1,31,000ಕ್ಕೂ ಹೆಚ್ಚು ಜನ ಸೇರಿದ್ದರು. ಬೈಚುಂಗ್ ಭುಟಿಯಾನ ಹ್ಯಾಟ್ರಿಕ್ಕಿನ ಬಲದಿಂದ ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು.

ಹೊಸ ಕ್ರೀಡಾಂಗಣದತ್ತ

ಸ್ವಂತ ಕ್ರೀಡಾಂಗಣವಿದ್ದರೆ ಪಂದ್ಯವಿಲ್ಲದ ದಿನವೂ ಅಂಗಡಿ, ಹೋಟೆಲು, ಸಭಾಂಗಣಗಳಿಂದ ವರಮಾನ ಬರುತ್ತದೆ. ಬಾಡಿಗೆ ಕಟ್ಟಡದಲ್ಲಿ ಅದಕ್ಕೆ ಆಸ್ಪದ ಕಡಿಮೆ. ಈ ಕಾರಣಕ್ಕೆ 2019ರಲ್ಲಿ ಎರಡೂ ಕ್ಲಬ್ಬುಗಳು ಸೇರಿ ಹೊಸ ಕ್ರೀಡಾಂಗಣದ ಪ್ರಸ್ತಾವ ಮುಂದಿಟ್ಟವು. ಹಳೆಯ ಕಟ್ಟಡ ಕೆಡವಬಾರದೆಂಬ ನಾಗರಿಕರ ವಿರೋಧ, ಪಾಲಿಕೆಯ ನಿಧಾನಗಳಿಂದ ಬೇಸತ್ತು 2023ರಲ್ಲಿ ದಾರಿ ಬೇರೆ ಮಾಡಿಕೊಳ್ಳಲೂ ಯತ್ನಿಸಿದವು. ಎ.ಸಿ. ಮಿಲಾನ್ ಸಾನ್ ದೊನಾತೊದಲ್ಲಿ, ಇಂಟರ್ ರೊತ್ಸಾನೊದಲ್ಲಿ ಜಾಗ ನೋಡಿದವು. ಕೊನೆಗೆ ಎರಡೂ ಸಾನ್ ಸೀರೊಗೇ ಹಿಂತಿರುಗಿದವು. ಅಷ್ಟರಲ್ಲಿ ಎರಡರ ಒಡೆತನವೂ ಅಮೆರಿಕದ ಹೂಡಿಕೆ ಸಂಸ್ಥೆಗಳಿಗೆ ಹೋಗಿತ್ತು: 2022ರಲ್ಲಿ ಎ.ಸಿ. ಮಿಲಾನ್ ರೆಡ್‌ಬರ್ಡ್ ಪಾಲಾದರೆ, 2024ರಲ್ಲಿ ಇಂಟರ್ ಓಕ್‌ಟ್ರೀ ಪಾಲಾಯಿತು.

2025ರ ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿಯಿಡೀ ನಡೆದ ಸಭೆಯಲ್ಲಿ ನಗರಸಭೆ 24–20 ಮತಗಳಿಂದ ಮಾರಾಟಕ್ಕೆ ಒಪ್ಪಿತು. ಕ್ರೀಡಾಂಗಣ ಮತ್ತು ಸುತ್ತಲ ಜಾಗಕ್ಕೆ 19.7 ಕೋಟಿ ಯೂರೊ ಬೆಲೆ. ಅವಸರಕ್ಕೆ ಕಾರಣವಿತ್ತು. 70 ವರ್ಷ ತುಂಬಿದ ಸಾರ್ವಜನಿಕ ಕಟ್ಟಡಕ್ಕೆ ಪಾರಂಪರಿಕ ರಕ್ಷಣೆ ದೊರೆಯುವುದರಿಂದ, 1955ರ ಎರಡನೆಯ ಹಂತವನ್ನು ಆ ವರ್ಷದ ನವೆಂಬರ್ ನಂತರ ಕೆಡವುವುದು ಕಷ್ಟವಾಗುತ್ತಿತ್ತು. ನವೆಂಬರ್ 5ರಂದು ಕ್ರಯಪತ್ರಕ್ಕೆ ಸಹಿ ಬಿತ್ತು. ಫಾಸ್ಟರ್ ಮತ್ತು ಮಾನಿಕಾ ವಾಸ್ತುಶಿಲ್ಪ ಸಂಸ್ಥೆಗಳಿಗೆ ವಿನ್ಯಾಸ ಒಪ್ಪಿಸಲಾಗಿದೆ. ಹೊಸ ಅಂಗಣದಲ್ಲಿ 71,500 ಆಸನಗಳಿರಬೇಕು. ಇಟಲಿ ಮತ್ತು ಟರ್ಕಿ ಜಂಟಿಯಾಗಿ ನಡೆಸುವ 2032ರ ಯುರೋ ಟೂರ್ನಿಗೆ ಮೊದಲೇ ಅದು ಮುಗಿಯಬೇಕು. ಹಳೆಯ ಕಟ್ಟಡದ ಹೆಚ್ಚಿನ ಭಾಗವನ್ನು ಆಮೇಲೆ ಕೆಡವಬೇಕು ಎಂಬುದು ಯೋಜನೆ.

ಬೇರೆಯಾಗುವ ಅವಕಾಶ ಕೈಯಲ್ಲಿದ್ದಾಗಲೂ ಎರಡೂ ಕ್ಲಬ್ಬುಗಳು ಖರ್ಚನ್ನು ಹಂಚಿಕೊಳ್ಳುವುದೇ ಲೇಸೆಂದುಕೊಂಡವು. 1935ರಿಂದ ಒಡೆಯನಾಗಿದ್ದ ನಗರಾಡಳಿತ ಹಿಂದೆ ಸರಿದಿದೆ. 1947ರಿಂದ ಜೊತೆ ಬಾಡಿಗೆದಾರರಾಗಿದ್ದ ಪ್ರತಿಸ್ಪರ್ಧಿಗಳು ಈಗ ಒಂದೇ ಸ್ವತ್ತಿನ ಜಂಟಿ ಮಾಲೀಕರು.